ಕತೆಯ ಮೊದಲ ಪುಟ ಓದಿಸಿಕೊಳ್ಳುವುದು: ತಿಲಕವಾಡಿಯ ಒಂದು ಓದುಸೇವೆಯ ವಿಮರ್ಶೆ

ಬೆಳಗಾವಿಯ ತಿಲಕವಾಡಿಯಲ್ಲಿ ಡಿಟಿಪಿ ಅಂಗಡಿಯೊಂದು ಪುಸ್ತಕ ಜೋಡಣೆಯ ಕೆಲಸದ ಜೊತೆಗೆ ಇನ್ನೊಂದು ಸೇವೆಯನ್ನೂ ಇಟ್ಟುಕೊಂಡಿದೆ. ಕತೆ, ಕಾದಂಬರಿಗಳ ಆರಂಭದ ಪುಟಗಳನ್ನಷ್ಟೇ ಓದಿ, ಗುರುತು ಹಾಕಿ, ಟಿಪ್ಪಣಿ ಬರೆದು ಕೊಡುತ್ತಾರೆ. ಸಣ್ಣಕತೆಯಾದರೆ ಮೊದಲ 600 ಪದಕ್ಕೆ ₹300, ಕಾದಂಬರಿಯಾದರೆ 3,000 ಪದದೊಳಗಿನ ಮೊದಲ ಅಧ್ಯಾಯಕ್ಕೆ ₹900. ಹಣ ಮೊದಲೇ ಕೊಡಬೇಕು, ಹತ್ತು ದಿನಕ್ಕೆ ಪ್ರತಿ ವಾಪಸ್ ಬರುತ್ತದೆ. ಈ ವಿಮರ್ಶೆಗಾಗಿ ಮೂರು ಬಗೆಯ ಆರಂಭಗಳನ್ನು ಅವರಿಗೆ ಕೊಡಲಾಗಿತ್ತು: ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾದ ಬಾಗಲಕೋಟೆಯ ಮುಳುಗಡೆಯ ಮೇಲೊಂದು ಸಣ್ಣಕತೆ, ಇಳಕಲ್ಲಿನ ನೇಕಾರ ಮನೆತನದ ಕಾದಂಬರಿ, ವಿಜಯಪುರ ಕಡೆಯ ಒಂದು ಪತ್ತೇದಾರಿ ಕತೆ. ವಾಕ್ಯ ತಿದ್ದುವ ವಿಷಯದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಇನ್ನೂ ನಾಲ್ಕು ಕಾಸು ಹೆಚ್ಚೇ ಕೈಗೆ ಬರುತ್ತದೆ. ಆದರೆ ನಮ್ಮ ಕಡೆಯ ಮಾತಿನ ವಿಷಯಕ್ಕೆ ಬಂದಾಗ ಅವರ ಸಲಹೆಯನ್ನು ಕಣ್ಣು ಮುಚ್ಚಿ ಒಪ್ಪಬಾರದು.

ಪ್ರತಿ ಕೊಡುವಾಗಲೇ ಒಂದು ಒಳ್ಳೆಯ ನಿಯಮ ಎದುರಾಗುತ್ತದೆ. ಮೊದಲ ಪುಟದ ಜೊತೆಗೆ ಕೊನೆಯ ಪುಟವನ್ನೂ ಕೇಳುತ್ತಾರೆ. ಕೊನೆ ಇನ್ನೂ ಬರೆದಿಲ್ಲ ಎಂದರೆ ಪ್ರತಿ ತೆಗೆದುಕೊಳ್ಳುವುದೇ ಇಲ್ಲ. ಬಹಳ ಜನರಿಗೆ ಇದು ಅತಿಯಾಯಿತು ಅನ್ನಿಸುತ್ತದೆ, ಆದರೆ ನಿಯಮ ಸರಿಯಾಗಿದೆ. ಆರಂಭವು ಓದುಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎಬ್ಬಿಸುತ್ತದೆ. ಆ ಪ್ರಶ್ನೆ ಈ ಕತೆಯದ್ದೇ ಹೌದೋ ಅಲ್ಲವೋ ಎಂಬುದನ್ನು ಕೊನೆ ನೋಡದೆ ಹೇಳಲಾಗದು. ಮೊದಲ ಕರಡಿನ ಆರಂಭದ ಪುಟಗಳನ್ನು ಬರೆಯುವಾಗ ಲೇಖಕನಿಗೇ ಕತೆ ಪೂರ್ತಿ ಸಿಕ್ಕಿರುವುದಿಲ್ಲ. ಪಾತ್ರ ಯಾರು, ಊರು ಯಾವುದು, ಏನಾಗಲಿದೆ ಎಂದು ತಡಕಾಡುತ್ತ ಬರೆದ ಸಾಲುಗಳು ಅಲ್ಲೇ ಉಳಿದುಬಿಡುತ್ತವೆ. ಅವು ಬರೆಯುವವನಿಗೆ ಬೇಕಾಗಿದ್ದ ಸಾಲುಗಳು, ಓದುವವನಿಗೆ ಬೇಕಾಗಿಲ್ಲ. ಆದ್ದರಿಂದ ಕೊನೆ ಮುಟ್ಟಿದ ಮೇಲೆ ಹಳೆಯ ಮೊದಲ ಪುಟವನ್ನು ಪಕ್ಕಕ್ಕಿಟ್ಟು, ಅದನ್ನು ನೋಡದೆ ಹೊಸದಾಗಿ ಬರೆಯುವುದು ತಿದ್ದುವುದಕ್ಕಿಂತ ಬೇಗ ಆಗುತ್ತದೆ, ಚೊಕ್ಕಟವಾಗಿಯೂ ಬರುತ್ತದೆ.

ಓದುವವರು ಇಬ್ಬರು. ಪ್ರತಿಯನ್ನು ಮುಂಚೆ ನೋಡಿರದ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಕೇಳುತ್ತ, ಗಮನ ಜಾರಿದಲ್ಲಿ ತಮ್ಮ ಪ್ರತಿಯ ಮೇಲೆ ಓರೆಗೆರೆ ಎಳೆಯುತ್ತಾರೆ. ಓದುವವರು ತಡವರಿಸಿದ ಕಡೆ ಒಂದು ಚುಕ್ಕೆ ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ಕತೆ ಹೇಳುವ ಆಯಿ ಕೇಳುವ ಮಕ್ಕಳಿಂದ ‘ಹ್ಞೂಂ’ ಅನ್ನಿಸಿಕೊಳ್ಳುತ್ತಲೇ ಮುಂದೆ ಹೋಗುತ್ತಿದ್ದಳು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಈ ಓರೆಗೆರೆಗಳು ಹ್ಞೂಂ ನಿಂತ ಜಾಗಗಳನ್ನೇ ತೋರಿಸುತ್ತವೆ. ಮೊದಲ ಪ್ಯಾರಾ ಮುಗಿದೊಡನೆ ಕೇಳುವವರು ತಮ್ಮಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. 600 ಪದ ಮುಗಿದ ಮೇಲೆ ಯಾವುದಕ್ಕೆ ಉತ್ತರ ಸಿಕ್ಕಿತು, ಯಾವುದು ಉಳಿಯಿತು ಎಂದು ನೋಡುತ್ತಾರೆ. ಎಲ್ಲಕ್ಕೂ ಉತ್ತರ ಸಿಕ್ಕಿದ್ದರೆ ಪುಟ ತಿರುಗಿಸಲು ಕಾರಣ ಉಳಿಯುವುದಿಲ್ಲ. ಐದಾರು ಪ್ರಶ್ನೆಗಳು ಹಾಗೇ ನೇತಾಡುತ್ತಿದ್ದರೆ ಓದುಗನಿಗೆ ಕುತೂಹಲ ಹುಟ್ಟುವ ಬದಲು ದಾರಿ ತಪ್ಪಿದಂತಾಗುತ್ತದೆ. ಸಣ್ಣ ಪ್ರಶ್ನೆಯೊಂದಕ್ಕೆ ಮೊದಲ ಪುಟದಲ್ಲೇ ಉತ್ತರ ಕೊಟ್ಟು, ದೊಡ್ಡದೊಂದನ್ನು ಉಳಿಸಿಕೊಂಡರೆ, ‘ಈ ಲೇಖಕ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ’ ಎಂಬ ನಂಬಿಕೆ ಓದುಗನಲ್ಲಿ ಹುಟ್ಟುತ್ತದೆ.

ಇಡೀ ಸೇವೆಯಲ್ಲಿ ಅತ್ಯಂತ ಬೆಲೆಬಾಳುವುದು ಇದಾದ ಮೇಲೆ ಬರುವ ಕೆಲಸ. ಮೊದಲ ಪುಟದ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಕೆಂಪು ಗೆರೆ ಎಳೆದು, ಆ ಕ್ರಿಯಾಪದಗಳನ್ನಷ್ಟೇ ಅಂಚಿನಲ್ಲಿ ಒಂದರ ಕೆಳಗೊಂದು ಬರೆದು ಕೊಡುತ್ತಾರೆ. ಕನ್ನಡದ ವಾಕ್ಯದಲ್ಲಿ ಸುದ್ದಿ ಕೊನೆಗೆ ಬರುತ್ತದೆ. ಹೊರಗಿನ ಭಾಷೆಗಳ ಬರವಣಿಗೆ ಪಾಠಗಳಲ್ಲಿ ‘ಬಲವಾದ ಮಾತು ಮೊದಲೇ ಬರಲಿ’ ಎಂಬ ಸೂತ್ರ ಕಾಣುತ್ತದೆ. ಅದನ್ನು ಹಾಗೇ ಇಲ್ಲಿಗೆ ತಂದರೆ ವಾಕ್ಯ ತಲೆಕೆಳಗಾಗುತ್ತದೆ. ನಮ್ಮಲ್ಲಿ ವಾಕ್ಯದ ಭಾರವೆಲ್ಲ ಹೋಗಿ ಬೀಳುವುದು ಕೊನೆಯ ಪದದ ಮೇಲೆ. ಈ ವಾಕ್ಯ ನೋಡಿ:

“ಮಗನ ಮದುವೆಯ ಹಿಂದಿನ ದಿನ ನೀಲವ್ವ ಬೀಗರು ಕಳಿಸಿದ್ದ ಇಳಕಲ್ ಸೀರೆಯ ಸೆರಗು ಕತ್ತರಿಸಿದಳು.”

ಕೊನೆಯ ಪದ ಬರುವ ತನಕ ಇದು ಸಂಭ್ರಮದ ವಾಕ್ಯ. ಕೊನೆಯ ಪದ ಬಿದ್ದಾಗ ಹಿಂದಿನದೆಲ್ಲ ಬೇರೆಯೇ ಆಗಿಬಿಡುತ್ತದೆ. ಈಗ ಅದೇ ವಾಕ್ಯವನ್ನು “…ಸೆರಗು ಕತ್ತರಿಸಿದ್ದು ಅವಳಿಗೆ ಇಂದು ನೆನಪಾಯಿತು” ಎಂದು ಮುಗಿಸಿ. ಕತ್ತರಿಸಿದ್ದು ಒಳಗೆ ಹುದುಗಿಹೋಯಿತು. ವಾಕ್ಯದ ಸುದ್ದಿ ಈಗ ನೆನಪಾದದ್ದು ಮಾತ್ರ, ಅದರಲ್ಲಿ ಏನೂ ನಡೆಯುತ್ತಿಲ್ಲ. ‘ಎಂದು ಅನಿಸಿತು’, ‘ಎಂಬುದು ಗೊತ್ತಾಯಿತು’, ‘ಎಂದು ಯೋಚಿಸಿದಳು’ ಎಂಬ ಬಾಲಗಳು ನಮ್ಮ ಕತೆಗಳ ಮೊದಲ ಪುಟವನ್ನು ಕೊಲ್ಲುವಷ್ಟು ಬೇರೆ ಯಾವುದೂ ಕೊಲ್ಲುವುದಿಲ್ಲ. ಬಾಲ ಕತ್ತರಿಸಿದರೆ ಸಾಕು, ಅರ್ಧ ಕೆಲಸ ಆದಂತೆ.

ಅಂಚಿನ ಕ್ರಿಯಾಪದಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಪುಟದ ನಾಡಿ ಸಿಗುತ್ತದೆ. ಇತ್ತು, ಇತ್ತು, ಇದ್ದಳು, ಬೀಸುತ್ತಿತ್ತು, ಅನಿಸಿತು, ನೆನಪಾಯಿತು ಎಂದಿದ್ದರೆ ಪುಟ ನಿಂತ ನೀರು. ಕಿತ್ತಿಸಿದಳು, ಎಣಿಸಿದ, ಮುಚ್ಚಿಟ್ಟ, ಕೇಳಲಿಲ್ಲ ಎಂದಿದ್ದರೆ ಕತೆ ಗೊತ್ತಿಲ್ಲದವನಿಗೂ ಏನೋ ನಡೆಯುತ್ತಿರುವುದು ತಿಳಿಯುತ್ತದೆ. ಇನ್ನೊಂದು ದೋಷವನ್ನೂ ಈ ಪಟ್ಟಿ ಎತ್ತಿ ತೋರಿಸುತ್ತದೆ: ‘ಎದ್ದು, ಮುಖ ತೊಳೆದು, ಚಹಾ ಕುಡಿದು, ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ’ ಎಂಬ ಸರಪಳಿ. ಐದು ಕೆಲಸಗಳಿಗೂ ಒಂದೇ ತೂಕ ಬಿದ್ದು, ಪಟ್ಟಿಗೆ ಬರುವುದು ‘ಬಂದ’ ಎಂಬುದೊಂದೇ. ಮೊದಲ ವಾಕ್ಯದಲ್ಲಿ ಇಂಥ ಕೊಂಡಿ ಎರಡಕ್ಕಿಂತ ಹೆಚ್ಚು ಬೇಡ. ಚಹಾ ಕುಡಿದದ್ದು ಕತೆಗೆ ಮುಖ್ಯವಾಗಿದ್ದರೆ ಅದಕ್ಕೆ ತನ್ನದೇ ವಾಕ್ಯ ಸಿಗಬೇಕು, ಮುಖ್ಯವಲ್ಲದಿದ್ದರೆ ಅದು ಬೇಕಾಗೇ ಇಲ್ಲ.

ಇದೇ ಕೆಲಸದಲ್ಲಿ ಒಂದು ಕೊರತೆಯೂ ಇದೆ. ‘ಇತ್ತು’ ಎಂದು ಮುಗಿದ ಪ್ರತಿ ವಾಕ್ಯವನ್ನೂ ಅವರು ತಪ್ಪೆಂದು ಗುರುತಿಸುತ್ತಾರೆ. “ಮನೆಗೆ ಕೀಲಿ ಎರಡು ಇದ್ದವು, ಕೀಲಿಕೈ ಒಂದೇ ಇತ್ತು” ಎಂಬ ವಾಕ್ಯಕ್ಕೂ ಕೆಂಪು ಬಿತ್ತು. ಈ ವಾಕ್ಯದಲ್ಲಿ ‘ಇತ್ತು’ ದುಡಿಯುತ್ತಿದೆ, ಏಕೆಂದರೆ ಬೀಗ ಎರಡು, ಕೀಲಿಕೈ ಒಂದು, ಲೆಕ್ಕ ಹೊಂದುತ್ತಿಲ್ಲ. ನಿಂತ ಕ್ರಿಯಾಪದ ಬಂದಾಗ ವಾಕ್ಯದೊಳಗೆ ಯಾವುದಾದರೂ ಎರಡು ಸಂಗತಿಗಳು ಒಂದಕ್ಕೊಂದು ತಾಳೆಯಾಗದಂತಿವೆಯೇ ಎಂದು ನೋಡಬೇಕು. ಹಾಗಿದ್ದರೆ ವಾಕ್ಯ ಉಳಿಯಲಿ.

ಮುಳುಗಡೆಯ ಕತೆಯ ಆರಂಭ ಹೀಗಿತ್ತು: ಅಂದು ಸೋಮವಾರ, ಎಳೆಬಿಸಿಲು ಕಿಟಕಿಯಿಂದ ಇಣುಕುತ್ತಿತ್ತು, ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು, ಶಾಂತವ್ವ ನಿಧಾನವಾಗಿ ಕಣ್ಣು ಬಿಟ್ಟಳು. ಎರಡನೇ ವಾಕ್ಯದಲ್ಲೇ ಓರೆಗೆರೆ ಬಿದ್ದಿತ್ತು. ನಾಲ್ಕನೇ ಪ್ಯಾರಾದ ಒಂದು ಸಾಲಿಗೆ ನೀಲಿ ಚೌಕ ಹಾಕಿ ‘ಕತೆ ಇಲ್ಲಿಂದ’ ಎಂದು ಬರೆದಿದ್ದರು. ಆ ಸಾಲು ಮೇಲೆ ಬಂದು ಕೂತ ಮೇಲೆ ಆರಂಭ ಹೀಗಾಯಿತು:

“ಹಿನ್ನೀರು ಹಿತ್ತಲಕ್ಕ ಬರೂದರೊಳಗ ಶಾಂತವ್ವ ತಲಬಾಗಲಾ ಕಿತ್ತಿಸಿದಳು. ಹೊಸ್ತಲಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ ಅಂದಳು.”

ಮುಳುಗುವ ಮನೆಯ ಬಾಗಿಲು, ತೊಲೆ, ಕಂಬ ಬಿಚ್ಚಿಕೊಂಡು ಹೋಗುವುದು ಆ ಕಡೆಯವರಿಗೆ ಗೊತ್ತಿರುವ ಸಂಗತಿ. ಹೊಸ್ತಿಲು ಬಿಡುವುದು ಗೊತ್ತಿರದ ಸಂಗತಿ. ಹತ್ತಿಪ್ಪತ್ತು ಪದದೊಳಗೆ ಮನುಷ್ಯರು, ಜಾಗ, ಅವಸರ, ಒಂದು ತೊಡಕು ನಾಲ್ಕೂ ಬಂದವು. ಎರಡನೇ ವಾಕ್ಯ ಮೊದಲನೆಯದನ್ನು ವಿವರಿಸಲು ಹೋಗಿಲ್ಲ, ಅದರ ಮೇಲೆ ಇನ್ನೊಂದು ಗಂಟು ಹಾಕಿದೆ. ಕೆಡುವುದು ಸಾಮಾನ್ಯವಾಗಿ ಮೂರನೇ ವಾಕ್ಯದಲ್ಲಿ. “ಯಾಕಂದರ ಆ ಹೊಸ್ತಲದ ಮ್ಯಾಲ ಆಕಿ ಗಂಡ ಜೀವ ಬಿಟ್ಟಿದ್ದ” ಎಂದು ಕೂಡಲೇ ಹೇಳಿಬಿಟ್ಟರೆ ಗಂಟು ಹಾಕಿದ ಕೈಯೇ ಬಿಚ್ಚಿದಂತೆ. ಕಾರಣ ಎರಡನೇ ಪುಟದಾಚೆ ಬರಲಿ. ಅದೂ ನಿರೂಪಕನ ಬಾಯಿಂದ ಬೇಡ, ಬಾಗಿಲು ಕೀಳಲು ಬಂದ ಬಡಿಗೇರ ಕೇಳಿದಾಗ ಬರಲಿ, ಅವನಿಗೂ ಅವಳು ಪೂರ್ತಿ ಹೇಳದಿರಲಿ.

ಈ ಪ್ರತಿಯಲ್ಲಿ ಅವರು ಹಿಡಿದ ಇನ್ನೊಂದು ತಪ್ಪು ಮೆಚ್ಚುವಂಥದ್ದು. ಕರಡಿನಲ್ಲಿ ‘ಕೃಷ್ಣೆಯ ದಂಡೆಯ ಬಾಗಲಕೋಟೆ’ ಎಂದಿತ್ತು. ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯ ಮೇಲೆ. ಆಲಮಟ್ಟಿ ಅಣೆಕಟ್ಟು ಕೃಷ್ಣೆಗೆ ಅಡ್ಡಲಾಗಿದ್ದು, ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲೂ ಮೇಲಕ್ಕೆ ಬರುತ್ತದೆ. ‘ಒಂದೇ ರಾತ್ರಿಗೆ ಊರು ಮುಳುಗಿತು’ ಎಂಬ ಸಾಲಿಗೂ ಪ್ರಶ್ನೆ ಹಾಕಿದ್ದರು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಆ ಮಟ್ಟದ ಕಡೆಗೆ ನೀರು ತುಂಬುತ್ತ ಬಂದಂತೆ ಹಿನ್ನೀರು ಮೆಲ್ಲಗೆ ಏರುತ್ತದೆ, ಹೊಳೆ ಉಕ್ಕಿದ ಹಾಗೆ ನುಗ್ಗುವುದಿಲ್ಲ. ಮೊದಲ ಪುಟದ ತಪ್ಪಿಗೆ ಶಿಕ್ಷೆ ಹೆಚ್ಚು. ಇಪ್ಪತ್ತನೇ ಪುಟದಲ್ಲಿ ನದಿಯ ಹೆಸರು ತಪ್ಪಿದರೆ ಓದುಗ ಕ್ಷಮಿಸಿ ಮುಂದೆ ಹೋಗುತ್ತಾನೆ. ಮೊದಲ ಪ್ಯಾರಾದಲ್ಲೇ ತಪ್ಪಿದರೆ ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಓದುಗನಿಗೆ ಈ ಲೇಖಕ ನಮ್ಮ ಊರು ನೋಡಿಲ್ಲ ಎಂಬುದು ಖಾತ್ರಿಯಾಗುತ್ತದೆ, ಆಮೇಲೆ ಹೊಸ್ತಿಲನ್ನೂ ಅವನು ನಂಬುವುದಿಲ್ಲ. ಮೆಲ್ಲಗೆ ಏರುವ ನೀರು ಕತೆಗೂ ಲಾಭವೇ. ಶಾಂತವ್ವನಿಗೆ ಯೋಚಿಸಲು ದಿನಗಳಿದ್ದವು, ಯೋಚಿಸಿಯೇ ಹೊಸ್ತಿಲು ಬಿಟ್ಟಳು.

‘ಕತೆ ಇಲ್ಲಿಂದ’ ಎಂಬ ನೀಲಿ ಚೌಕ ಮೊದಲೆರಡು ಪ್ರತಿಗಳಲ್ಲೂ ಮೂರನೇ ಪ್ಯಾರಾದ ನಂತರವೇ ಬಿದ್ದಿತ್ತು. ಪೀಠಿಕೆ ಹಾಕುವ ಅಭ್ಯಾಸ ನಮಗೆ ಬಯಲಾಟಗಳಿಂದಲೂ ಬಂದಿರಬೇಕು. ರಾತ್ರಿಯಿಡೀ ನಡೆಯುವ ದೊಡ್ಡಾಟದಲ್ಲಿ ಗಣಪತಿ ಸ್ತುತಿ, ಸಾರಥಿ ಪಾತ್ರಗಳನ್ನು ಮಾತಾಡಿಸುವುದು, ಇವಕ್ಕೆಲ್ಲ ಹೊತ್ತು ಹಿಡಿಯುತ್ತದೆ, ಹಿಡಿಯಲೇಬೇಕು: ಜನ ಇನ್ನೂ ಊಟ ಮುಗಿಸಿ ಚಾಪೆ ಹಿಡಿದು ಬರುತ್ತಿರುತ್ತಾರೆ. ಪುಟದ ಓದುಗ ಆಗಲೇ ಬಂದು ಕೂತಿದ್ದಾನೆ. ಹಾಗಂತ ಚೌಕದ ಮೇಲಿನದೆಲ್ಲ ಹರಿದು ಒಗೆಯಬೇಕಿಲ್ಲ. ಟಿಪ್ಪಣಿಯಲ್ಲಿ ‘ಕತ್ತರಿಸಿ’ ಎಂದಷ್ಟೇ ಬರೆದು ಬಿಡುತ್ತಾರೆ, ಕತ್ತರಿಸಿದ್ದನ್ನು ಏನು ಮಾಡಬೇಕು ಎಂದು ಹೇಳುವುದಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಂಡು, ಯಾರಾದರೂ ಏನನ್ನಾದರೂ ಮಾಡುತ್ತಿರುವ ಜಾಗದಲ್ಲಿ ಒಂದೊಂದೇ ಸಾಲಾಗಿ ಸೇರಿಸಬೇಕು. ಬಿಸಿಲು ಹವಾಮಾನ ವರದಿಯ ಹಾಗೆ ಬರುವುದು ಬೇಡ. ಕಿತ್ತ ಬಾಗಿಲಿನ ಜಾಗದಿಂದ ಮೊದಲ ಸಲ ಪಡಸಾಲೆಯೊಳಗೆ ಬಿದ್ದ ಬಿಸಿಲಾಗಿ ಬಂದರೆ ಅದೂ ಕತೆಯ ಪಾಲಾಗುತ್ತದೆ.

ಇಳಕಲ್ಲಿನ ಕಾದಂಬರಿಯ ಮೊದಲ ಪುಟದಲ್ಲಿ ಹನ್ನೊಂದು ಹೆಸರುಗಳಿದ್ದವು. ಅದರಲ್ಲಿ ಬಸವ್ವ, ಬಸಪ್ಪ, ಬಸಲಿಂಗ, ಗುರುಬಸವ್ವ ನಾಲ್ಕೂ ಒಂದೇ ಮನೆಯವರು. ನಮ್ಮ ಕಡೆ ಮನೆಗಳು ಇರುವುದೇ ಹಾಗೆ, ನಿಜ. ಆದರೂ ಓದುಗ ಹೆಸರನ್ನು ಅಕ್ಷರ ಅಕ್ಷರವಾಗಿ ಓದುವುದಿಲ್ಲ, ಅದರ ಆಕಾರ ನೋಡಿ ಮುಂದೆ ಹೋಗುತ್ತಾನೆ. ಮೊದಲ 300 ಪದದಲ್ಲಿ ಮೂರು ಹೆಸರು, ಮೂರಕ್ಕೂ ಬೇರೆ ಬೇರೆ ಮೊದಲಕ್ಷರ ಎಂಬ ಅವರ ನಿಯಮ ಒಪ್ಪಬೇಕಾದದ್ದೇ. ಉಳಿದವರು ಸದ್ಯಕ್ಕೆ ‘ಹಿರಿಸೊಸಿ’, ‘ಮಾವ’, ‘ಕಾಕಾ’ ಆಗಿರಲಿ. ನಂಟಿನ ಹೆಸರು ಮನೆಯ ನಕ್ಷೆಯನ್ನೂ ಕೊಡುತ್ತದೆ.

ಅದೇ ಪುಟದಲ್ಲಿ ಕುಣಿಮಗ್ಗ, ಹಾಸು, ಹೊಕ್ಕು, ಬಣ್ಣ, ದಡಿ, ಸೆರಗು ಎಲ್ಲದರ ವಿವರಣೆಯೂ ತುಂಬಿತ್ತು. ಕಸುಬಿನ ಮಾಹಿತಿ ತಪ್ಪಿಲ್ಲ, ಅದರ ಅಳತೆ ತಪ್ಪಿದೆ. ಇಲ್ಲಿ ಟಿಪ್ಪಣಿ ‘ಮಾಹಿತಿ ಹೆಚ್ಚಾಯಿತು’ ಎಂದು ನಿಂತುಬಿಡುತ್ತದೆ, ₹900 ಕೊಟ್ಟವರಿಗೆ ಅಷ್ಟು ಸಾಲದು. ದಾರಿ ಹೀಗಿದೆ: ಆ ಕಸುಬಿನಲ್ಲಿ ಮಧ್ಯಕ್ಕೆ ಬಿಟ್ಟೇಳಲು ಬಾರದ ಒಂದೇ ಕೆಲಸ ಆರಿಸಿಕೊಳ್ಳಿ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೆಲಸ ನಡೆಯುವಾಗಲೇ ಕತೆಯ ಸುದ್ದಿ ಮನೆಗೆ ಬರಲಿ.

“ಸೆರಗಿನ ಎಳೆ ಕೂಡಿಸುತ್ತಿದ್ದ ಗುರುಬಸವ್ವ ಅರ್ಧಕ್ಕೇ ಎದ್ದಳು. ಪಕ್ಕದ ಮಗ್ಗದ ಕುಣಿಯಲ್ಲಿದ್ದ ಮಾವ ಲಾಳಿ ನಿಲ್ಲಿಸಿದ.”

ನೇಕಾರರಿಗೆ ಮೊದಲ ವಾಕ್ಯವೇ ಸಾಕು. ಉಳಿದವರಿಗೆ ಹೀಗೆ ಏಳುವುದು ಮಾಮೂಲಲ್ಲ ಎಂಬುದನ್ನು ಮಾವನ ನಿಂತ ಲಾಳಿ ಹೇಳುತ್ತದೆ. ವಿವರಣೆಯ ಒಂದು ಸಾಲೂ ಬೇಕಾಗಲಿಲ್ಲ.

ಮೂರನೆಯ ಪ್ರತಿಯ ಬಗ್ಗೆ ಅವರ ತೀರ್ಪನ್ನು ಒಪ್ಪಲಾಗದು. “ರಕ್ತ! ಎಲ್ಲಿ ನೋಡಿದರೂ ರಕ್ತ!” ಎಂದು ಶುರುವಾಗುವ ಪತ್ತೇದಾರಿ ಕತೆಗೆ ‘ಅತ್ಯುತ್ತಮ ಆರಂಭ’ ಎಂದು ಬರೆದಿದ್ದರು. ಎರಡನೇ ಪ್ಯಾರಾದಿಂದ ಕತೆ ಆರು ತಿಂಗಳು ಹಿಂದಕ್ಕೆ ಹೋಗಿ, ಟಿಕೋಟಾದ ದ್ರಾಕ್ಷಿ ತೋಟದಲ್ಲಿ ಸಾವಧಾನವಾಗಿ ಸಾಗುತ್ತದೆ. ಬೆಚ್ಚಿಬೀಳಿಸಿದ ವಾಕ್ಯ ಅಲ್ಲಿಗೆ ಸಾಲವಾಗಿ ಉಳಿಯುತ್ತದೆ, ಓದುಗ ಮುಂದಿನ ಪುಟಗಳನ್ನೆಲ್ಲ ಆ ರಕ್ತಕ್ಕೆ ಮರಳುವುದು ಯಾವಾಗ ಎಂದು ಹಾರಿಸುತ್ತ ಓದುತ್ತಾನೆ. ಯಾರ ರಕ್ತ ಎಂದು ಗೊತ್ತಿಲ್ಲದಾಗ ಅದರಿಂದ ಯಾರಿಗೂ ನೋವಿಲ್ಲ. ಉದ್ಗಾರ ಚಿಹ್ನೆ ಹಾಕಿದ ಮಾತ್ರಕ್ಕೆ ಭಯ ಹುಟ್ಟುವುದಿಲ್ಲ. ಅವರೇ ಕೇಳಿ ಪಡೆದ ಕೊನೆಯ ಪುಟದಲ್ಲಿ ಕೊಲೆಗೆ ಕಾರಣ ಕೋಲ್ಡ್ ಸ್ಟೋರೇಜಿನ ಸುಳ್ಳು ಲೆಕ್ಕ. ಹಾಗಿದ್ದಾಗ ಆರಂಭವೂ ಲೆಕ್ಕದಿಂದಲೇ ಹುಟ್ಟಬೇಕು:

“ಮಣೂಕದ ಲೆಕ್ಕದಾಗ ಒಂದು ಬಾಕ್ಸ ಹೆಚ್ಚಿಗಿ ಬಂತು. ಕಡಿಮಿ ಬಂದಿದ್ದರ ಬಸಪ್ಪ ಆವತ್ತ ನಿದ್ದಿ ಮಾಡತಿದ್ದ.”

ಮಣೂಕ ಅಂದರೆ ಒಣದ್ರಾಕ್ಷಿ. ಕಡಿಮೆ ಬಿದ್ದರೆ ಕಳವು, ಅದು ಎಲ್ಲರಿಗೂ ಗೊತ್ತಿರುವ ಕತೆ. ಹೆಚ್ಚು ಬಂದರೆ ಯಾರೋ ಏನನ್ನೋ ಇಟ್ಟಿದ್ದಾರೆ. ಸದ್ದಿಲ್ಲದ ಈ ವಾಕ್ಯ ಕೊನೆಯ ಪುಟದ ತನಕ ತಾಳುತ್ತದೆ. ಮೊದಲ ಪುಟಕ್ಕೆ ಕೊನೆಯ ಪುಟವನ್ನು ಹೋಲಿಸುವ ಒಳ್ಳೆಯ ಪದ್ಧತಿ ಇಟ್ಟುಕೊಂಡವರು ಇಲ್ಲಿ ಅದನ್ನೇ ಮರೆತದ್ದು ಬೇಸರದ ಸಂಗತಿ.

ಇನ್ನೊಂದು ತಕರಾರು ಮಾತಿನದು, ಅದು ದೊಡ್ಡದು. ನಿರೂಪಣೆಯಲ್ಲಿದ್ದ ‘ಹೊಂಟಾಳ’, ‘ಮಾಡಾಕತ್ತಾರ’ಗಳನ್ನೆಲ್ಲ ‘ಹೊರಟಿದ್ದಾಳೆ’, ‘ಮಾಡುತ್ತಿದ್ದಾರೆ’ ಎಂದು ತಿದ್ದಿ, ಸಂಭಾಷಣೆಗೆ ಮಾತ್ರ ಆಡುಮಾತು ಇರಲಿ ಎಂದು ಬರೆದಿದ್ದರು. ಕತೆ ಹೇಳುವವನು ಊರ ಹೊರಗಿನವನಾದರೆ ಆ ಪದ್ಧತಿ ಸರಿ. ಊರೊಳಗಿನವನೇ ಹೇಳುತ್ತಿದ್ದರೆ ಅವನ ನಾಲಿಗೆ ಕಿತ್ತು ಬೇರೆಯವರದು ಇಟ್ಟಂತೆ ಆಗುತ್ತದೆ. ಹೇಳುವವನು ಯಾರು ಎಂಬುದು ಮೊದಲ ವಾಕ್ಯದ ಕ್ರಿಯಾಪದದಲ್ಲೇ ತೀರ್ಮಾನವಾಗಬೇಕು, ಆಮೇಲೆ ಬದಲಾಗಬಾರದು. ತಿದ್ದುವವರು ಹುಡುಕಬೇಕಿದ್ದದ್ದು ಬೆರಕೆಯನ್ನು: ಒಂದು ವಾಕ್ಯದಲ್ಲಿ ‘ಹೊಂಟಾಳ’, ಕಾರಣವಿಲ್ಲದೆ ಮುಂದಿನದರಲ್ಲಿ ‘ಹೊರಟಿದ್ದಾಳೆ’. ಕಾಗುಣಿತದ ಬೆರಕೆಯೂ ಅಷ್ಟೇ ಕಾಡುತ್ತದೆ. ‘ಮ್ಯಾಲ’, ‘ಮ್ಯಾಗ’, ‘ಬಾಗಲಾ’, ‘ಬಾಗ್ಲಾ’ ಇವುಗಳಲ್ಲಿ ಒಂದನ್ನು ಆರಿಸಿ, ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಕೊನೆತನಕ ಪಾಲಿಸಬೇಕು. ಬೆಳಗಾವಿಯ ಅಂಗಡಿಯವರೇ ‘ವೈನಿ’ಯನ್ನು ‘ಅತ್ತಿಗೆ’ ಎಂದು ತಿದ್ದಿದ್ದು ಅಚ್ಚರಿ. ಆ ಒಂದು ಕರೆಯಲ್ಲಿ ಮರಾಠಿ, ಕನ್ನಡ ಎರಡೂ ಆಡುವ ಮನೆ ಕಾಣುತ್ತಿತ್ತು.

ಸಂಭಾಷಣೆಯಿಂದ ಶುರು ಮಾಡುವವರಿಗೆ ನಮ್ಮ ಕ್ರಿಯಾಪದಗಳು ಬಹಳ ಉಪಕಾರ ಮಾಡುತ್ತವೆ, ಟಿಪ್ಪಣಿಯಲ್ಲಿ ಅದರ ಸುಳಿವೇ ಇಲ್ಲ. “ಚಿಗವ್ವಾ, ಕೀಲಿಕೈ ಎಲ್ಲಿಟ್ಟಿ?” ಎಂದರೆ ತೊಡೆಯ ಮೇಲೆ ಆಡಿ ಬೆಳೆದವರ ಸಲಿಗೆ. “ಚಿಗವ್ವಾರ, ಕೀಲಿಕೈ ಎಲ್ಲಿಟ್ಟೀರಿ?” ಎಂದರೆ ನಡುವೆ ಏನೋ ಬಿರುಕು, ಬಹುಶಃ ಆಸ್ತಿಯದು. ನಂಟು, ವಯಸ್ಸು, ಮನಸ್ತಾಪ ಮೂರೂ ಒಂದು ಪ್ರಶ್ನೆಯಲ್ಲಿ ಬಂದವು. ಇಷ್ಟಾದ ಮೇಲೆ ‘ಎಂದು ಅವನು ಕೋಪದಿಂದ ಕೇಳಿದನು’ ಎಂದು ಸೇರಿಸುವ ಅಗತ್ಯವಿಲ್ಲ. ಆದರೆ ಮಾತಾಡಿದವರು ಯಾರು, ಎಲ್ಲಿ ನಿಂತಿದ್ದಾರೆ ಎಂಬುದು ಎರಡನೇ ಅಥವಾ ಮೂರನೇ ಸಾಲಿನೊಳಗೆ ತಿಳಿಯಲೇಬೇಕು. ಐದು ಸಾಲು ಬರೀ ದನಿಗಳೇ ಓಡಿದರೆ ಓದುಗ ಹಿಂದಕ್ಕೆ ಹೋಗಿ ಎಣಿಸಬೇಕಾಗುತ್ತದೆ.

ಕತೆ ಮುಗಿಸಿ, ಆರಂಭ ಸಪ್ಪೆ ಅನ್ನಿಸುತ್ತಿರುವವರು ₹300 ಕೊಟ್ಟು ಒಮ್ಮೆ ಓದಿಸಬಹುದು. ಕ್ರಿಯಾಪದದ ಪಟ್ಟಿ, ಓರೆಗೆರೆ, ನೀಲಿ ಚೌಕ ಈ ಮೂರಕ್ಕೇ ದುಡ್ಡು ಸಂದಾಯವಾಗುತ್ತದೆ. ಕಾದಂಬರಿಯ ₹900 ಸದ್ಯಕ್ಕೆ ದುಬಾರಿ. ಅಧ್ಯಾಯದ ಮೊದಲ 600 ಪದಗಳನ್ನೇ ಸಣ್ಣಕತೆಯ ದರಕ್ಕೆ ಕೊಟ್ಟರೆ ಬೇಡ ಅನ್ನುವುದಿಲ್ಲ, ಸಿಗುವ ಲಾಭವೂ ಹೆಚ್ಚುಕಡಿಮೆ ಅಷ್ಟೇ. ತಿದ್ದಿ ತಂದರೆ ಎರಡನೇ ಓದು ಅದೇ ಹಣದಲ್ಲಿ ಇಲ್ಲ, ಪೂರ್ತಿ ದರ ಮತ್ತೆ ಕೊಡಬೇಕು. ಇದನ್ನು ಅವರು ಬದಲಿಸಬೇಕು, ಏಕೆಂದರೆ ಆರಂಭ ಸರಿಹೋಯಿತೋ ಇಲ್ಲವೋ ತಿಳಿಯುವುದು ಎರಡನೇ ಓದಿನಲ್ಲೇ. ಅದೂ ಮೊದಲು ಕೇಳಿದವರಿಗಿಂತ ಬೇರೆಯವರ ಕಿವಿಗೆ ಬೀಳಬೇಕು.

ಕೈಬರಹದ ಪ್ರತಿ ತೆಗೆದುಕೊಳ್ಳುತ್ತಾರೆ, ಟೈಪಿಂಗಿಗೆ ಬೇರೆ ಹಣ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಿದ್ದರೆ ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿಯೇ ಕೊಡಿ; ಅಕ್ಷರ ಮುರಿದ ಕಡೆ ಓದುವವರು ತಡವರಿಸಿದರೆ ಆ ಚುಕ್ಕೆಯೂ ನಿಮ್ಮ ವಾಕ್ಯದ ಲೆಕ್ಕಕ್ಕೇ ಬೀಳುತ್ತದೆ. ಎ4 ಹಾಳೆ, 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ದುಪ್ಪಟ್ಟು ಅಂತರ, ಎಡಕ್ಕೆ ಎರಡು ಇಂಚು ಅಂಚು ಬಿಟ್ಟು, ಒಂದೇ ಬದಿಗೆ ಮುದ್ರಿಸಿದ ಎರಡು ಪ್ರತಿ ಬೇಕು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸುವವರು ಕೊನೆಯ ದಿನಾಂಕಕ್ಕಿಂತ ಮೂರು ವಾರ ಮುಂಚೆ ಕೊಡಬೇಕು: ಹತ್ತು ದಿನ ಅವರಿಗೆ, ಉಳಿದದ್ದು ಮೊದಲ ಪುಟವನ್ನು ಹೊಸದಾಗಿ ಬರೆದು, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಲು.